ಹಳೆ ಆಟದ ಪರದೆ ಜಿಗಿಯದೆ ಸರಿಯುವುದು ಹೇಗೆ?

ಬಸ್ಸಿನ ಕಿಟಕಿಯಿಂದ ನೋಡಿದರೆ ಗಿಡಮರ ಹಿಂದಕ್ಕೆ ಸರಿಯುತ್ತವೆ ಅಲ್ಲವೇ? ಕಂಪ್ಯೂಟರಿನ ಸಾಹಸ ಆಟಗಳಲ್ಲೂ ಹೀಗೇ. ಆಟದೊಳಗಿನ ಮನುಷ್ಯ ನಡೆದಂತೆ ಹಿಂದಿನ ಚಿತ್ರ ಸರಿಯುತ್ತದೆ. ಇದಕ್ಕೆ ಸ್ಕ್ರೋಲಿಂಗ್ ಅಂತಾರೆ.

1990ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಕಂಪನಿಯವರು ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಎಂಬ ಆಟ ಮಾಡಿದರು. ಕಡಲ್ಗಳ್ಳ ಆಗಬೇಕು ಅಂತ ಹೊರಟ ಯುವಕನ ಕಥೆ ಅದು. ಪರದೆಯ ಅಗಲ 320 ಚುಕ್ಕಿ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಚಿತ್ರವನ್ನು 8 ಚುಕ್ಕಿ ಅಗಲದ ಪಟ್ಟಿಗಳಾಗಿ ಮಾಡಿರುತ್ತಾರೆ. 320 ÷ 8 = 40 ಪಟ್ಟಿ. ಪರದೆ ಸರಿಯುವಾಗ ಒಂದು ಪಟ್ಟಿ ಪೂರ್ತಿ ಹಾರುತ್ತದೆ. ಆಗ ಅಂಚಿನಲ್ಲಿ ಒಂದೇ ಹೊಸ ಪಟ್ಟಿ ಬರೆದರೆ ಸಾಕು, ಕಂಪ್ಯೂಟರಿಗೆ ಕೆಲಸ ಕಡಿಮೆ. ಆದರೆ ಕಣ್ಣಿಗೆ ಚಿತ್ರ ಜಿಗಿದ ಹಾಗೆ ಕಾಣ್ತದೆ.

ಮಾಡಿ ನೋಡಿ: ರಟ್ಟಿನಲ್ಲಿ 10 ಚೌಕ ಅಗಲದ ಕಿಂಡಿ ಕತ್ತರಿಸಿ. ಅದರ ಹಿಂದೆ ಚೌಕುಳಿ ಹಾಳೆಯ ಉದ್ದ ಪಟ್ಟಿ ಇಡಿ. ಒಂದೊಂದೇ ಚೌಕ ಜಗ್ಗಿದರೆ ಜಿಗಿತ. ಮೆಲ್ಲಗೆ ಎಳೆದು ಅರ್ಧ ಚೌಕಕ್ಕೆ ನಿಲ್ಲಿಸಿ. ಈಗ ಎಣಿಸಿ. 9 ಪೂರ್ತಿ ಚೌಕ, ಎರಡು ಕಡೆ ಅರ್ಧರ್ಧ. ಅಂದರೆ 11 ಚೌಕ ಬೇಕಾಯಿತು!

ಗುಟ್ಟು ಇಷ್ಟೇ. ಹೊಸ ಕಂಪ್ಯೂಟರಿನಲ್ಲಿ ಹಳೆ ಆಟ ಆಡಿಸುವ ಪ್ರೋಗ್ರಾಮು 40ರ ಬದಲು 41 ಪಟ್ಟಿ ಸಿದ್ಧ ಇಟ್ಟುಕೊಂಡು, ಒಂದೊಂದೇ ಚುಕ್ಕಿ ಸರಿಸಿ ತೋರಿಸಬೇಕು. ಹೆಚ್ಚಿನ ಪಟ್ಟಿ ಇಲ್ಲದಿದ್ದರೆ ಅಂಚು ಖಾಲಿ ಕಾಣ್ತದೆ.

ಇನ್ನೊಂದು ತೊಡಕು ಇದೆ. ಯುರೋಪಿನ ಹಳೆ ಕಂಪ್ಯೂಟರುಗಳು ಸೆಕೆಂಡಿಗೆ 50 ಚಿತ್ರ ತೋರಿಸುತ್ತಿದ್ದವು. ಈಗಿನ ಬಹಳಷ್ಟು ಪರದೆ 60 ತೋರಿಸುತ್ತವೆ. 5 ಚಿತ್ರವನ್ನು 6 ಸಲ ತೋರಿಸಬೇಕಾದರೆ ಒಂದು ಚಿತ್ರ ಎರಡು ಸಲ ಬರಲೇಬೇಕು. ಅಲ್ಲಿ ಸಣ್ಣ ತಡೆ. ಪರದೆಯನ್ನೂ 50ಕ್ಕೆ ಇಟ್ಟರೆ ಸರಿಹೋಗ್ತದೆ.

ಹಾಗಾದರೆ ಎಲ್ಲಾ ಆಟವನ್ನೂ ನುಣುಪು ಮಾಡಬೇಕೇ? 1982ರ ಕಮೋಡೋರ್ 64 ಯಂತ್ರಕ್ಕೆ ಒಂದೊಂದು ಚುಕ್ಕಿ ಸರಿಸುವ ಶಕ್ತಿ ಇತ್ತು. ಅದರಲ್ಲಿ ಮೆಲ್ಲಗೆ ಸರಿಯುತ್ತಿದ್ದ ಆಟ ಈಗ ಜಿಗಿದರೆ ಅದು ನಕಲಿನ ದೋಷ. ಆದರೆ ಮೂಲದಲ್ಲೇ ಜಿಗಿಯುತ್ತಿದ್ದ ಆಟವನ್ನು ತಿದ್ದಿದರೆ ಅಂದಿನವರು ಕಂಡದ್ದು ನಮಗೆ ಕಾಣುವುದಿಲ್ಲ. ಅದಕ್ಕೇ 2001ರಲ್ಲಿ ಶುರುವಾದ ಸ್ಕಮ್ ವಿಎಂ ಪ್ರೋಗ್ರಾಮಿನಲ್ಲಿ ಕೆಲವು ಆಟಗಳಿಗೆ ಎರಡೂ ರೀತಿ ಇಟ್ಟಿದ್ದಾರೆ. ಬೇಕಾದ್ದನ್ನು ಆಡುವವರೇ ಆರಿಸಬಹುದು. ಇದೇ ನ್ಯಾಯ ಅಂತ ನನಗೆ ಅನಿಸ್ತದೆ. ಹಳೆ ಯಂತ್ರ ಕೆಟ್ಟುಹೋದರೂ ಆಟ ಇದ್ದ ಹಾಗೇ ಉಳಿಯಬೇಕಲ್ಲ?

ಲೆಕ್ಕ ಮಾಡಿ: ಸೆಕೆಂಡಿಗೆ 60 ಚುಕ್ಕಿಯಂತೆ ಸರಿದರೆ 320 ಚುಕ್ಕಿ ದಾಟಲು ಎಷ್ಟು ಸೆಕೆಂಡು?
(ಉತ್ತರ: 5⅓)