ಅಳಿಯಬಾರದ ಬರಹ: ಪೊಟ್ಟಣದ ಲೇಬಲ್ ಮತ್ತು ಕಾನೂನು

ಪೊಟ್ಟಣದ ಮೇಲೆ ಅಂಟಿಸುವ ಲೇಬಲ್ಲನ್ನು ಸಣ್ಣ ವ್ಯಾಪಾರಿಗಳು ಬಹುಮಟ್ಟಿಗೆ ಸರಕಿನ ಅಲಂಕಾರವೆಂದೇ ಎಣಿಸುತ್ತಾರೆ. ಹೆಸರು ದೊಡ್ಡದಾಗಿರಬೇಕು, ಚಿತ್ರ ಆಕರ್ಷಕವಾಗಿರಬೇಕು, ಸಾವಿರಕ್ಕೆ ತಗಲುವ ಖರ್ಚು ಕಡಿಮೆಯಿರಬೇಕು ಎಂಬ ಮೂರು ಲೆಕ್ಕಗಳಲ್ಲಿ ಅದರ ಆಯ್ಕೆ ಮುಗಿದುಹೋಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಲೇಬಲ್ ಎಂದರೆ ತಯಾರಕನು ತನ್ನ ಹೆಸರು, ವಿಳಾಸಗಳ ಸಮೇತ ಖರೀದಿದಾರನಿಗೆ ಕೊಡುವ ಲಿಖಿತ ಹೇಳಿಕೆ. ಅದನ್ನು ‘ಘೋಷಣೆ’ ಎಂದು ಕರೆಯಲಾಗುತ್ತದೆ, ಮತ್ತು ಸರಕು ಕೈದಾಟಿ ಹೋದ ಮೇಲೂ ಆ ಹೇಳಿಕೆಯ ಹೊಣೆ ಅದನ್ನು ಬರೆದವನ ಮೇಲೆಯೇ ಉಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವ, ಉಡುಪಿ ಜಿಲ್ಲೆಯ ಮರವಂತೆಯಂಥ ಊರಿನಲ್ಲಿ, ಒಣಮೀನು, ಚಟ್ಲಿ (ಸಿಗಡಿ) ಚಟ್ನಿಪುಡಿ, ಹಲಸಿನ ಹಪ್ಪಳ, ಕೋಳಿಸಾರಿನ ಮಸಾಲೆಪುಡಿ, ತೆಂಗಿನೆಣ್ಣೆ, ಕುಚ್ಚಲಕ್ಕಿ ಇವುಗಳನ್ನು ಪೊಟ್ಟಣ ಕಟ್ಟಿ ರಸ್ತೆಬದಿಯಲ್ಲಿ ಮಾರುವವರಿಗೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಮುಂಬಯಿಗೋ ಕಳುಹಿಸುವವರಿಗೂ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ.

ಮೊದಲು ನಿರ್ಧಾರವಾಗಬೇಕಾದುದು, ಯಾವ ಸರಕಿಗೆ ಘೋಷಣೆ ಬೇಕು ಎಂಬುದು. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ‘ಮುಂಚಿತವಾಗಿ ಪೊಟ್ಟಣ ಕಟ್ಟಿದ ಸರಕು’ ಎಂಬುದಕ್ಕೆ ಕೊಡುವ ಅರ್ಥದಲ್ಲಿ ಎರಡು ಅಂಶಗಳಿವೆ: ಕೊಳ್ಳುವವನ ಸಮಕ್ಷಮದಲ್ಲಿ ಅಲ್ಲದೆ ಸರಕನ್ನು ತುಂಬಿರಬೇಕು, ಮತ್ತು ಅದರ ಪ್ರಮಾಣ ಮೊದಲೇ ಗೊತ್ತುಮಾಡಿದ್ದಾಗಿರಬೇಕು, ಪೊಟ್ಟಣಕ್ಕೆ ಮೊಹರು ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಆದ್ದರಿಂದ ಸಂತೆಯಲ್ಲಿ ಗಿರಾಕಿಯ ಕಣ್ಣೆದುರೇ ಒಣ ಬಂಗುಡೆಯನ್ನು ತೂಗಿ ಕಾಗದದಲ್ಲಿ ಸುತ್ತಿಕೊಡುವ ಮೀನುಗಾರ ಮಹಿಳೆಗೆ ಲೇಬಲ್ಲಿನ ಹೊಣೆಯಿಲ್ಲ, ಆದರೆ ಅದೇ ಮೀನನ್ನು ಹಿಂದಿನ ರಾತ್ರಿ ಮನೆಯಲ್ಲಿ ಕಾಲು ಕಿಲೋದ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ದಾರದಿಂದ ಕಟ್ಟಿ ತಂದರೆ ಹೊಣೆ ಹುಟ್ಟುತ್ತದೆ. ಹೀಗೆ ಪೊಟ್ಟಣ ಕಟ್ಟುವವರು ಆ ಕೆಲಸ ಆರಂಭಿಸಿದ 90 ದಿನಗಳೊಳಗೆ ತಮ್ಮ ಹೆಸರು, ವಿಳಾಸಗಳನ್ನು ನೋಂದಾಯಿಸಿಕೊಳ್ಳಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ 27ನೆಯದು ವಿಧಿಸುತ್ತದೆ. ಹತ್ತು ಗ್ರಾಂ ಅಥವಾ ಹತ್ತು ಮಿಲಿಲೀಟರಿಗೆ ಮೀರದ ಪೊಟ್ಟಣಗಳಿಗೆ ಈ ನಿಯಮಗಳಿಂದ ಸಾಮಾನ್ಯವಾಗಿ ವಿನಾಯಿತಿಯಿದೆ.

ಘೋಷಣೆಯಲ್ಲಿ ತಯಾರಕನ ಅಥವಾ ಪೊಟ್ಟಣ ಕಟ್ಟಿದವನ ಹೆಸರು ಮತ್ತು ಪೂರ್ಣ ವಿಳಾಸ, ಸರಕಿನ ರೂಢಿಯ ಹೆಸರು, ನಿವ್ವಳ ಪ್ರಮಾಣ, ತಯಾರಿಕೆಯ ಕಾಲ, ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಲು ಫೋನ್ ಸಂಖ್ಯೆ ಮತ್ತು ಮಿಂಚಂಚೆ ವಿಳಾಸ ಇರಬೇಕು. ನಿವ್ವಳ ಪ್ರಮಾಣ ಎಂದರೆ ಚೀಲ, ಡಬ್ಬಿಗಳ ತೂಕವನ್ನು ಕಳೆದು ಉಳಿಯುವ ಸರಕಿನ ತೂಕ. ಅದರ ಮುಂದೆ ‘ಸುಮಾರು’, ‘ಕನಿಷ್ಠ’, ‘ಸರಾಸರಿ’ ಎಂಬ ಮಾತುಗಳನ್ನು ಸೇರಿಸುವಂತಿಲ್ಲ, ಏಕೆಂದರೆ ಅಂಥ ಒಂದು ಪದ ನುಸುಳಿದರೆ ಸಂಖ್ಯೆಯ ಬದ್ಧತೆಯೇ ಸಡಿಲಾಗುತ್ತದೆ. ಈಚಿನ ವರ್ಷಗಳಲ್ಲಿ ಘೋಷಣೆಗೆ ‘ಘಟಕ ಮಾರಾಟ ಬೆಲೆ’ಯೂ ಸೇರಿದೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ಗ್ರಾಮಿಗೆ ಎಷ್ಟು, ಅದಕ್ಕಿಂತ ದೊಡ್ಡದರಲ್ಲಿ ಕಿಲೋಗೆ ಎಷ್ಟು ಎಂದು ಬಿಡಿಸಿ ಹೇಳುವ ಈ ಬೆಲೆಯ ಪ್ರಕಾರ, 200 ಗ್ರಾಂ ಚಟ್ನಿಪುಡಿಗೆ 180 ರೂಪಾಯಿ ಇಟ್ಟವರು ಗ್ರಾಮಿಗೆ 90 ಪೈಸೆಯೆಂದೂ ಬರೆಯಬೇಕಾಗುತ್ತದೆ. ಎರಡು ಅಂಗಡಿಗಳ ಬೇರೆಬೇರೆ ಗಾತ್ರದ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಲಾಗದೆ ನಿಲ್ಲುವ ಗಿರಾಕಿಗೆ ಇದಕ್ಕಿಂತ ಉಪಯುಕ್ತವಾದ ಸಾಲು ಲೇಬಲ್ಲಿನಲ್ಲಿ ಇನ್ನೊಂದಿಲ್ಲ. ಸಣ್ಣ ತಯಾರಕರ ಲೇಬಲ್ಲುಗಳಲ್ಲಿ ಸುಲಭವಾಗಿ ಬಿಟ್ಟುಹೋಗುವ ಸಾಲೂ ಅದೇ.

ಸರಕು ಆಹಾರವಾಗಿದ್ದರೆ ಎರಡನೆಯ ಕಾನೂನೊಂದು ಮೇಲೆ ಬರುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಮತ್ತು ಅದರಡಿಯ 2020ರ ಲೇಬಲಿಂಗ್ ನಿಯಮಾವಳಿಗಳು ಮೇಲಿನ ಘೋಷಣೆಗಳ ಜೊತೆಗೆ, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಚಿಹ್ನೆಯೊಡನೆ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇವನ್ನು ಕೇಳುತ್ತವೆ. ‘ಇಷ್ಟು ತಿಂಗಳೊಳಗೆ ಉತ್ತಮ’ ಎಂಬ ಹಳೆಯ ವಾಕ್ಯವನ್ನು ಬೇಕಿದ್ದರೆ ಹೆಚ್ಚುವರಿಯಾಗಿ ಬರೆಯಬಹುದೇ ಹೊರತು ಕೊನೆಯ ದಿನಾಂಕದ ಬದಲಿಗೆ ಬರೆಯಲಾಗದು. ಕರಾವಳಿಯವರು ಇಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಮೀನು, ಚಟ್ಲಿ, ಮೊಟ್ಟೆಗಳು ಮಾಂಸಾಹಾರದ ವರ್ಗಕ್ಕೆ ಸೇರುವುದರಿಂದ ಅವು ಲೇಶಮಾತ್ರ ಸೇರಿದ ಪುಡಿಗೂ ಕಂದು ಚೌಕಟ್ಟಿನೊಳಗಿನ ಕಂದು ತ್ರಿಕೋನದ ಗುರುತು ಬೇಕು. ಹಿಂದೆ ಇಲ್ಲಿಯೂ ಸಸ್ಯಾಹಾರದ ಹಸಿರು ಗುರುತಿನಂತೆ ವೃತ್ತವೇ ಇತ್ತು. 2020ರ ನಿಯಮಾವಳಿಗಳು ಅದನ್ನು ತ್ರಿಕೋನವಾಗಿಸಿದ ಮೇಲೆ, ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದವರಿಗೂ ಆಕಾರದಿಂದಲೇ ವ್ಯತ್ಯಾಸ ತಿಳಿಯುವಂತಾಯಿತು. ಎರಡನೆಯದು ಅಲರ್ಜಿಯ ಎಚ್ಚರಿಕೆ. ಮೀನು ಮತ್ತು ಸಿಗಡಿ, ಏಡಿಗಳಂಥ ಚಿಪ್ಪುಜೀವಿಗಳು, ಹಾಲು, ಮೊಟ್ಟೆ, ನೆಲಗಡಲೆ, ಸೋಯಾ, ಗ್ಲುಟೆನ್ ಇರುವ ಧಾನ್ಯ ಮುಂತಾದವುಗಳ ಇರವನ್ನು ಲೇಬಲ್ಲಿನಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಚಟ್ಲಿ ತಿಂದರೆ ಮೈಯೆಲ್ಲ ದದ್ದು ಏಳುವ ವ್ಯಕ್ತಿಗೆ ಪುಡಿಯ ರೂಪದಲ್ಲಿ ಅದನ್ನು ಗುರುತಿಸಲು ಬೇರೆ ದಾರಿಯಿಲ್ಲ.

ಲೇಬಲ್ಲಿನ ಕಾಗದ, ಮಸಿ, ಅಂಟುಗಳ ಪ್ರಶ್ನೆ ಕಾನೂನಿನ ಪ್ರಶ್ನೆಯಾಗುವುದು ಇಲ್ಲಿಂದ ಮುಂದೆ. ಬರಹ ಸ್ಪಷ್ಟವಾಗಿರಬೇಕು, ಎದ್ದು ಕಾಣಬೇಕು, ಅಳಿಸಿಹೋಗಬಾರದು, ಲೇಬಲ್ ಪೊಟ್ಟಣದಿಂದ ಬೇರ್ಪಡದಂತೆ ಅಂಟಿರಬೇಕು ಎಂಬುದು ಆಹಾರ ನಿಯಮಾವಳಿಗಳ ಮಾತು. ಬೆಲೆ ಮತ್ತು ಪ್ರಮಾಣದ ಅಂಕಿಗಳು ಹಿನ್ನೆಲೆಗೆ ಎದ್ದು ಕಾಣುವಷ್ಟು ಭಿನ್ನವಾದ ಬಣ್ಣದಲ್ಲಿರಬೇಕು ಮತ್ತು ಪ್ರಮಾಣ ಹೆಚ್ಚಿದಂತೆ ಅಕ್ಷರದ ಎತ್ತರವೂ ಹೆಚ್ಚಬೇಕು ಎಂಬುದು ಮಾಪನ ನಿಯಮಗಳ ಮಾತು. ಒಣ ಹವೆಯ ಊರಿನಲ್ಲಿ ಸಲೀಸಾಗಿ ಪಾಲನೆಯಾಗುವ ಈ ಷರತ್ತು, ಆಷಾಢದ ಮಳೆಗೂ ಉಪ್ಪುಗಾಳಿಗೂ ಮೈಯೊಡ್ಡಿರುವ ಮರವಂತೆಯಲ್ಲಿ ಅಷ್ಟು ಸುಲಭವಲ್ಲ. ಅಂಗಡಿಯ ಇಂಕ್‌ಜೆಟ್ ಯಂತ್ರದಲ್ಲಿ ಸಾದಾ ಕಾಗದದ ಮೇಲೆ ಮುದ್ರಿಸಿದ ದಿನಾಂಕ ಒದ್ದೆ ಕೈ ತಗುಲಿದೊಡನೆ ಹರಡುತ್ತದೆ; ಮೀನಿನ ಜಿಡ್ಡು ಅಥವಾ ತೆಂಗಿನೆಣ್ಣೆಯ ಪಸೆ ಹತ್ತಿದ ಕಾಗದ ಪಾರದರ್ಶಕವಾಗಿ ಮಸುಕಾಗುತ್ತದೆ; ಮಸಿಯೇ ಇಲ್ಲದೆ ಕಾಗದದ ಮೇಲಿನ ರಾಸಾಯನಿಕ ಲೇಪವನ್ನು ಬಿಸಿಯಿಂದ ಕಪ್ಪಾಗಿಸುವ ನೇರ ಥರ್ಮಲ್ ಮುದ್ರಣ, ಬಸ್ ಟಿಕೆಟ್ಟಿನ ಹಾಗೆ, ಬಿಸಿಲಿಗೂ ಉಜ್ಜಾಟಕ್ಕೂ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಆರು ತಿಂಗಳ ಬಾಳಿಕೆಯೆಂದು ಹೇಳುವ ಸರಕಿನ ಮೇಲೆ ಆ ಹೇಳಿಕೆಯೇ ಮೂರು ತಿಂಗಳಿಗೆ ಅಳಿದುಹೋದರೆ, ಕಾನೂನಿನ ಕಣ್ಣಿಗೆ ಅದು ಲೇಬಲ್ ಇಲ್ಲದ ಸರಕಿಗಿಂತ ಹೆಚ್ಚೇನೂ ಅಲ್ಲ. ಹೀಗಾಗಿ ಎಣ್ಣೆ, ಉಪ್ಪಿನಕಾಯಿ, ಒಣಮೀನುಗಳಿಗೆ ಪಾಲಿಪ್ರಾಪಿಲೀನ್‌ನಂಥ ಪ್ಲಾಸ್ಟಿಕ್ ಹಾಳೆಯ ಲೇಬಲ್ಲನ್ನೂ, ದಿನಾಂಕ ಮತ್ತು ಬ್ಯಾಚ್ ಸಂಖ್ಯೆಗಳಿಗೆ ರಿಬ್ಬನ್ನಿನ ಮಸಿಯನ್ನು ಬಿಸಿಯಿಂದ ವರ್ಗಾಯಿಸುವ ಮುದ್ರಣವನ್ನೂ ಆಯ್ದುಕೊಳ್ಳುವುದು ಯುಕ್ತ. ಕಪ್ಪು ಬಣ್ಣವೊಂದನ್ನೇ ಮುದ್ರಿಸಬಲ್ಲ ಯಂತ್ರದಿಂದ ಹಸಿರು ವೃತ್ತವಾಗಲಿ ಕಂದು ತ್ರಿಕೋನವಾಗಲಿ ಮೂಡದು ಎಂಬ ಸರಳ ಸಂಗತಿಯೂ ಯಂತ್ರ ಕೊಳ್ಳುವಾಗ ಮರೆತುಹೋಗುತ್ತದೆ. ಬಣ್ಣದ ಭಾಗವನ್ನು ಮುದ್ರಣಾಲಯದಲ್ಲಿ ಮೊದಲೇ ಅಚ್ಚು ಹಾಕಿಸಿ, ಬದಲಾಗುವ ಅಂಕಿಗಳಿಗೆ ಜಾಗ ಬಿಟ್ಟು, ಅವನ್ನಷ್ಟೇ ಮನೆಯಲ್ಲಿ ಮುದ್ರಿಸುವುದು ಇದಕ್ಕೆ ಪರಿಹಾರ. ಹಳೆಯ ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸುವ ಪದ್ಧತಿಗಂತೂ ಅವಕಾಶವಿಲ್ಲ. ಬೆಲೆಯನ್ನು ಇಳಿಸಲು ಮಾತ್ರ ಚೀಟಿ ಹಚ್ಚಬಹುದು, ಅದೂ ಮೊದಲಿನ ಬೆಲೆ ಮುಚ್ಚಿಹೋಗದಂತೆ.

ಭಾಷೆಯ ವಿಚಾರದಲ್ಲಿ ಕೇಂದ್ರದ ನಿಯಮಗಳು ದೇವನಾಗರಿ ಲಿಪಿಯ ಹಿಂದಿ ಅಥವಾ ಇಂಗ್ಲಿಷನ್ನು ಕಡ್ಡಾಯವಾಗಿಸಿ, ಇತರ ಭಾಷೆಗಳನ್ನು ಹೆಚ್ಚುವರಿಯಾಗಿ ಬಳಸಲು ಬಿಡುತ್ತವೆ. ಊರಿನ ಗಿರಾಕಿಗಷ್ಟೇ ಮಾರುವ ಹಪ್ಪಳದ ಮೇಲೆ ಕನ್ನಡವೊಂದೇ ಇದ್ದರೆ ಅದು ಅಪೂರ್ಣವೆನಿಸುವುದು ವಿಚಿತ್ರವಾಗಿ ತೋರಿದರೂ ನಿಯಮ ಹಾಗಿದೆ. ಇತ್ತ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಆಧಾರದಲ್ಲಿ ರಾಜ್ಯ ಸರ್ಕಾರವು, ಕರ್ನಾಟಕದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸೂಚಿಸಿತು. ಎರಡೂ ಭಾಷೆಗಳಿಗೆ ಜಾಗವಿರುವ ಲೇಬಲ್ಲನ್ನು ಆರಂಭದಲ್ಲೇ ಯೋಜಿಸುವುದು ಲೇಸು. ಊರಿನ ಹೆಸರನ್ನು ಸರಕಿಗೆ ಇಡುವಾಗಲೂ ಸ್ವಲ್ಪ ಎಚ್ಚರ ಬೇಕು: ‘ಉಡುಪಿ ಮಲ್ಲಿಗೆ’, ‘ಉಡುಪಿ ಮಟ್ಟುಗುಳ್ಳ’ ಬದನೆಗಳು 1999ರ ಭೌಗೋಳಿಕ ಸೂಚನೆಗಳ ಕಾಯ್ದೆಯಡಿ ನೋಂದಾಯಿತವಾಗಿದ್ದು, ಬೇರೆ ಕಡೆ ಬೆಳೆದ ಬದನೆಯನ್ನು ಆ ಹೆಸರಿನ ಪೊಟ್ಟಣದಲ್ಲಿ ಮಾರುವುದು ಅಪರಾಧ.

ಸಾಗಣೆಯ ಲೇಬಲ್ ಇದಕ್ಕಿಂತ ತೀರ ಬೇರೆಯಾದುದು. ರಟ್ಟಿನ ಪೆಟ್ಟಿಗೆಯ ಮೇಲೆ ಅಂಟಿಸುವ ವಿಳಾಸದ ಚೀಟಿ ಅಂಚೆಯವನಿಗೆ, ಬಸ್ಸಿನ ಪಾರ್ಸೆಲ್ ಗುಮಾಸ್ತನಿಗೆ ಹೇಳುವ ಮಾತೇ ಹೊರತು ಗ್ರಾಹಕನಿಗೆ ಕೊಡುವ ಘೋಷಣೆಯಲ್ಲ. ಅದರ ಆಯುಷ್ಯ ಮೂರು ನಾಲ್ಕು ದಿನಗಳಾದ್ದರಿಂದ ಅಗ್ಗದ ನೇರ ಥರ್ಮಲ್ ಚೀಟಿ ಅಲ್ಲಿ ಧಾರಾಳವಾಗಿ ಸಾಕು, ಮಳೆಗಾಲದಲ್ಲಿ ಅದರ ಮೇಲೊಂದು ಪಾರದರ್ಶಕ ಚೀಲವಿದ್ದರೆ ಆಯಿತು. ಉಡುಪಿ ಜಿಲ್ಲೆಯ ಅಂಚೆ ವಿಂಗಡಣೆಯನ್ನು ಸೂಚಿಸುವ 576ರಂಥ ಮೊದಲ ಮೂರು ಅಂಕಿಗಳು ಮಾಸಿದರೆ ಪಾರ್ಸೆಲ್ ದಾರಿ ತಪ್ಪುವುದರಿಂದ ಪಿನ್‌ಕೋಡನ್ನು ದಪ್ಪಕ್ಷರದಲ್ಲಿ ಬರೆಯುವುದು ವಾಡಿಕೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಎಲ್ಲ ವಿವರ ಇದೆಯೆಂದು ಒಳಗಿನ ಪೊಟ್ಟಣಗಳನ್ನು ಲೇಬಲ್ ಇಲ್ಲದೆ ಬಿಡುವುದು ಮಾತ್ರ ತಪ್ಪು. ಪ್ರತಿ ಪೊಟ್ಟಣಕ್ಕೂ ಅದರದೇ ಘೋಷಣೆ ಬೇಕು. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವುದಾದರೆ, ತಯಾರಿಕೆಯ ತಿಂಗಳು, ವರ್ಷಗಳನ್ನು ಬಿಟ್ಟು ಉಳಿದ ಘೋಷಣೆಗಳು ಕೊಳ್ಳುವ ಮೊದಲೇ ಪರದೆಯ ಮೇಲೂ ಕಾಣಬೇಕು. ತೆರಿಗೆಯ ಒಂದು ಕೊಂಡಿಯೂ ಇಲ್ಲಿದೆ. 2022ರ ಜುಲೈ 18ರಿಂದ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5ರ ಜಿಎಸ್‌ಟಿ ಬಂದಿದ್ದು, ಲೇಬಲ್ ಹಚ್ಚದಿದ್ದರೆ ತೆರಿಗೆಯಿಲ್ಲವೆಂಬ ಜಾಣತನ ನಡೆಯದು, ಏಕೆಂದರೆ ಕಾನೂನಿನ ಪ್ರಕಾರ ಲೇಬಲ್ ‘ಇರಬೇಕಾದ’ ಪೊಟ್ಟಣವೆಲ್ಲ ಆ ವ್ಯಾಖ್ಯೆಯೊಳಗೆ ಬರುತ್ತದೆ.

ಕೊಳ್ಳುವವನ ಕಡೆಯಿಂದ ನೋಡಿದರೆ ಇದೇ ಚೀಟಿ ಸಾಕ್ಷ್ಯವಾಗುತ್ತದೆ. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯಲು ಯಾವ ಅಂಗಡಿಗೂ ಅಧಿಕಾರವಿಲ್ಲ. ಕಡಲತೀರದ ಪ್ರವಾಸಿ ತಾಣವೆಂಬ ಕಾರಣಕ್ಕೋ ನೀರಿನ ಬಾಟಲಿಯನ್ನು ತಂಪು ಮಾಡಿಟ್ಟ ಕಾರಣಕ್ಕೋ ಎರಡು ರೂಪಾಯಿ ಸೇರಿಸುವುದೂ ಉಲ್ಲಂಘನೆಯೇ. ಹೋಟೆಲಿನ ಮೇಜಿನಲ್ಲಿ ಕುಳಿತು ಕುಡಿಯುವ ನೀರಿನ ಮಾತು ಬೇರೆ: ಅಲ್ಲಿ ಸೇವೆಯೂ ಸೇರಿರುವುದರಿಂದ ಗರಿಷ್ಠ ಬೆಲೆಯ ನಿಯಮ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ತೂಕ, ಬೆಲೆಗಳ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೂ, ಆಹಾರದ ದೂರನ್ನು ಆಹಾರ ಸುರಕ್ಷತಾ ಅಧಿಕಾರಿಗೂ ಕೊಡಬಹುದು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ವ್ಯಾಜ್ಯಕ್ಕೆ ಮುಂಚಿನ ಸಂಧಾನಕ್ಕೆ ನೆರವಾಗುತ್ತದೆ. ಹೆಚ್ಚು ಮಂದಿಗೆ ತಿಳಿಯದ ಹಕ್ಕೊಂದು 2006ರ ಕಾಯ್ದೆಯ 40ನೇ ಕಲಮಿನಲ್ಲಿದೆ. ಸಾಮಾನ್ಯ ಖರೀದಿದಾರನೂ, ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಮತ್ತು ದೋಷ ಕಂಡುಬಂದರೆ ಆ ಶುಲ್ಕ ಅವನಿಗೆ ಹಿಂದಿರುಗುತ್ತದೆ. ಪರಿಹಾರಧನ ಬೇಕಾದವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಉಡುಪಿಯ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, ವಕೀಲರಿಲ್ಲದೆಯೂ ದೂರು ಸಲ್ಲಿಸಬಹುದು; ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಆಯೋಗಕ್ಕೇ ಹೋಗಬಹುದಾದ ಕಾರಣ, ದೂರದ ಮಾರಾಟಗಾರನಿಂದ ತರಿಸಿಕೊಂಡ ಮರವಂತೆಯವನಿಗೆ ಉಡುಪಿ ಹತ್ತಿರವಾಗುತ್ತದೆ. ಅದೇ ನಿಯಮದಿಂದ ಮರವಂತೆಯ ಮಾರಾಟಗಾರ್ತಿ ಬೆಂಗಳೂರಿನ ಗಿರಾಕಿಗೆ ಬೆಂಗಳೂರಿನಲ್ಲೇ ಉತ್ತರ ಹೇಳಬೇಕಾಗಿಯೂ ಬರಬಹುದು.

ತಯಾರಕರಿಗೂ ಕಾನೂನು ರಕ್ಷಣೆಯಿದೆ. ತಪ್ಪು ಲೇಬಲ್ಲಿನ ಆಹಾರಕ್ಕೆ 2006ರ ಆಹಾರ ಕಾಯ್ದೆಯ 52ನೇ ಕಲಮಿನಡಿ ಮೂರು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದಾದರೂ, ಮೊತ್ತವನ್ನು ನಿರ್ಧರಿಸುವಾಗ ಗಳಿಸಿದ ಲಾಭ, ಆದ ಹಾನಿ, ತಪ್ಪಿನ ಪುನರಾವರ್ತನೆಗಳನ್ನು ಪರಿಗಣಿಸಲೇಬೇಕು. ಪರವಾನಗಿಯನ್ನು ಅಮಾನತುಗೊಳಿಸುವ ಮುಂಚೆ 32ನೇ ಕಲಮಿನಂತೆ, ಏನನ್ನು ಸರಿಪಡಿಸಬೇಕೆಂದು ವಿವರಿಸುವ ‘ಸುಧಾರಣಾ ನೋಟಿಸ್’ ಕೊಟ್ಟು ಕನಿಷ್ಠ 14 ದಿನಗಳ ಕಾಲಾವಕಾಶ ನೀಡಬೇಕು. ನೋಟಿಸಿಗೆ ಉತ್ತರ ಬರೆಯಲು ಗೊತ್ತಾಗದ ಮಹಿಳೆಯರು ಆದಾಯದ ಮಿತಿಯಿಲ್ಲದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಕುಂದಾಪುರದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಂಖ್ಯೆಗೆ ಕರೆಮಾಡಿ ಉಚಿತ ನೆರವು ಪಡೆಯಬಹುದು. ಪ್ರತಿ ಬ್ಯಾಚಿನ ಒಂದೊಂದು ಲೇಬಲ್ಲನ್ನು ತಾರೀಖು ಹಾಕಿದ ವಹಿಯಲ್ಲಿ ಅಂಟಿಸಿಟ್ಟುಕೊಂಡವರಿಗೆ, ‘ಸಾಕಷ್ಟು ಎಚ್ಚರ ವಹಿಸಲಾಗಿತ್ತು’ ಎಂಬ, ಆಹಾರ ಕಾಯ್ದೆಯ 80ನೇ ಕಲಮಿನ ಪ್ರತಿರಕ್ಷೆಯನ್ನು ಮುಂದಿಡುವಾಗ ಆ ವಹಿಯೇ ಮೊದಲ ದಾಖಲೆಯಾಗುತ್ತದೆ.