ರಿಸೀವರಿಗೆ ಹೊರಗಿನ ಆಂಪ್ಲಿಫೈಯರ್ ಬೇಕೆ?

ಚಲನಚಿತ್ರದ ಶಬ್ದವನ್ನು ಮನೆಯಲ್ಲಿಯೇ ಐದಾರು ದಿಕ್ಕುಗಳಿಂದ ಕೇಳಬಯಸುವವರು ಎ.ವಿ. ರಿಸೀವರ್ ಎಂಬ ಯಂತ್ರವನ್ನು ಕೊಳ್ಳುತ್ತಾರೆ. ಅದು ಮಾಡುವ ಕೆಲಸ ಎರಡು. ಚಿತ್ರದೊಡನೆ ಬರುವ ಶಬ್ದಸಂಕೇತವನ್ನು ಬಿಡಿಸಿ ಪ್ರತಿಯೊಂದು ಸ್ಪೀಕರಿಗೂ ಅದರ ಪಾಲನ್ನು ಹಂಚುವುದು ಮೊದಲನೆಯದು. ಆ ಕ್ಷೀಣ ಸಂಕೇತವನ್ನು ಸ್ಪೀಕರನ್ನು ಕಂಪಿಸಬಲ್ಲಷ್ಟು ಬಲಪಡಿಸುವುದು ಎರಡನೆಯದು. ಈ ಎರಡನೆಯ ಕೆಲಸವನ್ನು ರಿಸೀವರಿಗೇ ಬಿಡಬಹುದೆ, ಅಥವಾ ಅದಕ್ಕಾಗಿ ಬೇರೊಂದು ಆಂಪ್ಲಿಫೈಯರನ್ನು ಕೊಳ್ಳಬೇಕೆ? ಹಣದ ವಿಷಯವಾದುದರಿಂದ, ಕೊಳ್ಳುವ ಮೊದಲು ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ.

ಶಬ್ದದ ಮಟ್ಟವನ್ನು ನಾವು ಡೆಸಿಬೆಲ್‌ಗಳಲ್ಲಿ ಹೇಳುತ್ತೇವೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಹೊತ್ತ ಈ ಮಾನವು ಲಾಗರಿತಮ್ಮನ್ನು ಆಧರಿಸಿದೆ. ಆಂಪ್ಲಿಫೈಯರಿನ ಸಾಮರ್ಥ್ಯವು ಇಮ್ಮಡಿಯಾದರೆ ಶಬ್ದವು ಏರುವುದು 3 ಡೆಸಿಬೆಲ್ ಮಾತ್ರ. ಹತ್ತು ಮಡಿಯಾದರೆ 10 ಡೆಸಿಬೆಲ್. ಶಬ್ದವು ಎರಡರಷ್ಟಾಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದುದರಿಂದ 100 ವ್ಯಾಟಿನ ಯಂತ್ರವನ್ನು ಬಿಟ್ಟು 200 ವ್ಯಾಟಿನದನ್ನು ತಂದವರಿಗೆ ಎರಡರಷ್ಟು ಶಬ್ದವೇನೂ ದೊರೆಯುವುದಿಲ್ಲ.

ಈಗ ಒಂದು ಕೋಣೆಯನ್ನು ಊಹಿಸಿಕೊಳ್ಳೋಣ. ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಶಬ್ದ ಬರುವುದೆಂದಿಟ್ಟುಕೊಳ್ಳೋಣ. ಇದೇ ಸ್ಪೀಕರಿನ ಸಂವೇದನಶೀಲತೆ. ಅದರೊಡನೆ ಬರುವ ಕೈಪಿಡಿಯಲ್ಲಿ ಇದನ್ನು ಮುದ್ರಿಸಿರುತ್ತಾರೆ. ಕೇಳುವವರು 3 ಮೀಟರ್ ದೂರದಲ್ಲಿ ಕುಳಿತರೆ ಬಯಲಿನಲ್ಲಾದರೆ 9.5 ಡೆಸಿಬೆಲ್ ಕಡಿಮೆಯಾಗುತ್ತದೆ. ಕೋಣೆಯ ಗೋಡೆಗಳು ಶಬ್ದವನ್ನು ಪ್ರತಿಫಲಿಸಿ ಸುಮಾರು 3 ಡೆಸಿಬೆಲ್ಲನ್ನು ಮರಳಿ ಕೊಡುತ್ತವೆಂದು ಹಿಡಿದರೆ, 1 ವ್ಯಾಟಿಗೆ ಕಿವಿಯ ಬಳಿ ಉಳಿಯುವುದು 81.5 ಡೆಸಿಬೆಲ್.

ಚಿತ್ರಗಳ ಶಬ್ದವನ್ನು ಮಿಶ್ರಣಮಾಡುವ ಕೊಠಡಿಗಳಲ್ಲಿ ಪ್ರತಿ ಮುಖ್ಯ ಚಾನೆಲಿನ ಅತ್ಯುಚ್ಚ ಶಬ್ದವು 105 ಡೆಸಿಬೆಲ್ಲಿನವರೆಗೆ ಏರಬಹುದು. ನಮ್ಮ ಕೋಣೆಯಲ್ಲಿ ಅಷ್ಟನ್ನು ಪಡೆಯಲು ಸುಮಾರು 220 ವ್ಯಾಟ್ ಬೇಕು. ಆದರೆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳುವವರು ವಿರಳ. ಅದಕ್ಕಿಂತ 10 ಡೆಸಿಬೆಲ್ ತಗ್ಗಿಸಿದರೆ 22 ವ್ಯಾಟ್ ಸಾಕು. 91 ಡೆಸಿಬೆಲ್ ಸಂವೇದನಶೀಲತೆಯ ಸ್ಪೀಕರಾದರೆ 11 ವ್ಯಾಟೇ ಸಾಕು. ಮಂದ್ರ ಧ್ವನಿಗಳನ್ನು ನುಡಿಸುವ ಸಬ್‌ವೂಫರಿನೊಳಗೆ ಸಾಮಾನ್ಯವಾಗಿ ಅದರದೇ ಆಂಪ್ಲಿಫೈಯರ್ ಇರುತ್ತದೆ. 80 ಹರ್ಟ್ಸಿಗಿಂತ ಕೆಳಗಿನ ಧ್ವನಿಗಳನ್ನು ಅದಕ್ಕೆ ಒಪ್ಪಿಸಿದರೆ ರಿಸೀವರಿನ ಹೊರೆ ಇನ್ನೂ ಇಳಿಯುತ್ತದೆ.

ಪೆಟ್ಟಿಗೆಯ ಮೇಲಿನ ವ್ಯಾಟುಗಳನ್ನು ಓದುವಾಗ ಅಳತೆಯ ನಿಬಂಧನೆಗಳನ್ನೂ ಓದಬೇಕು. 'ಏಳು ಚಾನೆಲ್, 100 ವ್ಯಾಟ್' ಎಂದು ಬರೆದಿದ್ದರೂ, ಎರಡು ಚಾನೆಲುಗಳನ್ನು ಮಾತ್ರ ದುಡಿಸಿ ಅಳೆದಿರುವುದು ಸಾಮಾನ್ಯ. ಏಳನ್ನೂ ಒಮ್ಮೆಗೇ ದುಡಿಸಿದರೆ ಒಂದೇ ಟ್ರಾನ್ಸ್‌ಫಾರ್ಮರು ಎಲ್ಲಕ್ಕೂ ಹಂಚಬೇಕಾಗಿ ಪ್ರತಿಯೊಂದರ ಪಾಲೂ ಕುಗ್ಗುತ್ತದೆ. 20ರಿಂದ 20,000 ಹರ್ಟ್ಸಿನವರೆಗೆ, 8 ಓಮಿನಲ್ಲಿ, ಅತ್ಯಲ್ಪ ವಿರೂಪದೊಡನೆ ಅಳೆದ 80 ವ್ಯಾಟ್, 1,000 ಹರ್ಟ್ಸಿನಲ್ಲಿ ಮಾತ್ರ 10 ಶೇಕಡಾ ವಿರೂಪದೊಡನೆ ಅಳೆದ 150 ವ್ಯಾಟಿಗಿಂತ ನಂಬಲರ್ಹವಾದುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಆಂಪ್ಲಿಫೈಯರುಗಳ ಸಾಮರ್ಥ್ಯದ ಜಾಹೀರಾತಿಗೆ ನಿಯಮಗಳನ್ನು ವಿಧಿಸಿತು.

ಹಾಗಾದರೆ ಹೊರಗಿನ ಆಂಪ್ಲಿಫೈಯರ್ ಯಾವಾಗ ಅಗತ್ಯ? ಮೊದಲನೆಯದಾಗಿ, ಕೋಣೆ ವಿಶಾಲವಾಗಿದ್ದು ಸ್ಪೀಕರಿನ ಸಂವೇದನಶೀಲತೆ ಕಡಿಮೆಯಾಗಿದ್ದರೆ. ಎರಡನೆಯದಾಗಿ, ಸ್ಪೀಕರಿನ ರೋಧವು 4 ಓಮ್ ಅಥವಾ ಅದಕ್ಕೂ ಕಡಿಮೆಯಾಗಿದ್ದರೆ. 8 ಓಮಿನ ಸ್ಪೀಕರಿಗೆ 28 ವೋಲ್ಟ್ ಒದಗಿಸಿದಾಗ 3.5 ಆಂಪಿಯರ್ ಹರಿದರೆ, 4 ಓಮಿನದರಲ್ಲಿ 7 ಆಂಪಿಯರ್ ಹರಿಯುತ್ತದೆ. ಸಾಧಾರಣ ರಿಸೀವರ್ ಆ ಪ್ರವಾಹವನ್ನು ಬಹುಕಾಲ ಒದಗಿಸಲಾರದೆ ಕಾದು ತಾನಾಗಿಯೇ ನಿಂತುಬಿಡಬಹುದು. ಮೂರನೆಯದಾಗಿ, ರಿಸೀವರಿನೊಳಗಿರುವ ಆಂಪ್ಲಿಫೈಯರುಗಳಿಗಿಂತ ಹೆಚ್ಚು ಸ್ಪೀಕರುಗಳನ್ನು ಜೋಡಿಸಬೇಕಾಗಿದ್ದರೆ.

ಈ ಸಂದರ್ಭಗಳನ್ನು ಅಲಕ್ಷಿಸಿದರೆ ಹಾನಿಯುಂಟು. ಶಕ್ತಿಮೀರಿ ದುಡಿಸಿದ ಆಂಪ್ಲಿಫೈಯರಿನಲ್ಲಿ ಅಲೆಗಳ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗೆ ತುಂಡಾದ ಅಲೆಯಲ್ಲಿ ಮೂಲದಲ್ಲಿಲ್ಲದ ಉಚ್ಚ ಕಂಪನಗಳು ಹುಟ್ಟುತ್ತವೆ. ಅವು ಟ್ವೀಟರಿನ ಎಳೆಯಂತಹ ಸುರುಳಿಯನ್ನು ಕಾಯಿಸಿ ಸುಡಬಲ್ಲವು. ಶಬ್ದವನ್ನು ಏರಿಸಿದಾಗ ಮಾತು ಕರ್ಕಶವಾದರೆ ಕೂಡಲೇ ತಗ್ಗಿಸಬೇಕು.

ಕೊಳ್ಳುವವರು ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲು ಸ್ಪೀಕರುಗಳನ್ನು ಆರಿಸಿ, ಅವುಗಳ ಸಂವೇದನಶೀಲತೆಯನ್ನೂ ರೋಧವನ್ನೂ ಬರೆದುಕೊಳ್ಳಬೇಕು. ಕುಳಿತುಕೊಳ್ಳುವ ದೂರವನ್ನು ಅಳೆದು ಮೇಲಿನಂತೆ ಲೆಕ್ಕಹಾಕಬೇಕು. ಅನಂತರ ಬೇಕಾದಷ್ಟು ಚಾನೆಲುಗಳೂ ಎಚ್.ಡಿ.ಎಂ.ಐ. ದ್ವಾರಗಳೂ ಇರುವ ರಿಸೀವರನ್ನು ಹುಡುಕಬೇಕು. ಅದರ ಹಿಂಬದಿಯಲ್ಲಿ 'ಪ್ರೀ-ಔಟ್' ಎಂಬ ದ್ವಾರಗಳು ಇವೆಯೇ ಎಂದು ತಪ್ಪದೆ ನೋಡಬೇಕು. ಬಲಪಡಿಸದ ಸಂಕೇತವನ್ನು ಹೊರಗಿನ ಆಂಪ್ಲಿಫೈಯರಿಗೆ ಒಯ್ಯುವ ದಾರಿ ಅದು. ಲೆಕ್ಕದಲ್ಲಿ ಸಂದೇಹ ಉಳಿದವರು ಪ್ರೀ-ಔಟ್ ಇರುವ ರಿಸೀವರನ್ನೇ ಕೊಂಡು ಕೆಲವು ತಿಂಗಳು ಬಳಸಿ ನೋಡಬಹುದು. ಕೊರತೆ ಕಂಡುಬಂದರೆ ಮುಂದಿನ ಮೂರು ಸ್ಪೀಕರುಗಳಿಗೆ ಮಾತ್ರ ಆಂಪ್ಲಿಫೈಯರ್ ತಂದು ಜೋಡಿಸಿದರೆ, ಉಳಿದವುಗಳನ್ನು ರಿಸೀವರ್ ಸುಲಭವಾಗಿ ನಿರ್ವಹಿಸುತ್ತದೆ.