ಫೋಮ್ ಅಂಟಿಸಿದರೂ ಪಕ್ಕದ ಮನೆಯ ಮಾತು ಏಕೆ ಕೇಳುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಮಲಗುವ ಕೋಣೆಗೂ ಪಕ್ಕದವರ ಹಾಲ್‌ಗೂ ನಡುವೆ ಇರುವುದು ಒಂದೇ ಗೋಡೆ. ರಾತ್ರಿ 11 ಗಂಟೆಯಾದರೂ ಅವರ ಟಿ.ವಿ. ಧಾರಾವಾಹಿಯ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಬೆಳಗಿನ ಜಾವ ಮಿಕ್ಸಿಯ ಸದ್ದು. ಗೋಡೆ ತುಂಬ ಕಪ್ಪು ಫೋಮ್ ಹಾಳೆ ಅಂಟಿಸಿದರೂ ಏನೂ ವ್ಯತ್ಯಾಸವಾಗಲಿಲ್ಲ. ಕಡಿಮೆ ಖರ್ಚಿನಲ್ಲಿ ಬೇರೆ ದಾರಿ ಇದೆಯೇ?

ಉತ್ತರ: ಫೋಮ್ ಅಂಟಿಸಿ ಸೋತದ್ದನ್ನೂ ನೀವು ಬರೆದದ್ದು ಒಳ್ಳೆಯದಾಯಿತು. ಇದು ಅನೇಕರು ಮಾಡುವ ತಪ್ಪು, ಅಲ್ಲಿಂದಲೇ ಶುರು ಮಾಡೋಣ.

ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ. ಸಾಮಾನು ತರುವ ಮುಂಚೆ ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಗಂಯ್‌ಗುಡುತ್ತದಲ್ಲ, ಮಂಚ, ಹಾಸಿಗೆ, ಪರದೆ ಬಂದ ಮೇಲೆ ಅದು ನಿಲ್ಲುತ್ತದೆ. ಸ್ಟುಡಿಯೋಗಳಲ್ಲಿ ಫೋಮ್ ಮಾಡುವುದೂ ಇದೇ ಕೆಲಸ: ಕೋಣೆಯೊಳಗೆ ಹುಟ್ಟಿದ ಸದ್ದು ಮಾರ್ದನಿಸದಂತೆ ಹೀರಿಕೊಳ್ಳುವುದು. ಆಚೆಯಿಂದ ಬರುವ ಸದ್ದಿಗೆ ಅದು ಅಡ್ಡ ನಿಲ್ಲಲಾರದು. ಬೇಕಿದ್ದರೆ ಒಂದು ತುಂಡನ್ನು ಬಾಯಿಗೆ ಹಿಡಿದು ಊದಿ ನೋಡಿ, ಸಾಮಾನ್ಯವಾಗಿ ಉಸಿರು ಸಲೀಸಾಗಿ ಆಚೆ ಹೋಗುತ್ತದೆ. ಗಾಳಿ ಹೋದಲ್ಲಿ ಸದ್ದೂ ಹೋಗುತ್ತದೆ. ಮೊಟ್ಟೆ ಟ್ರೇ ಅಂಟಿಸುವವರಿಗೂ ಇದೇ ಉತ್ತರ. ಇನ್ನೊಂದು ಮಾತು: ಇಂಥ ಫೋಮ್‌ಗೆ ಬೆಂಕಿ ಬೇಗ ಹತ್ತುತ್ತದೆ. ಸ್ವಿಚ್ ಬೋರ್ಡ್‌ನ ಸುತ್ತಮುತ್ತ ಅಂಟಿಸಿದ್ದರೆ ದಯವಿಟ್ಟು ಇಂದೇ ಕಿತ್ತುಬಿಡಿ.

ಸದ್ದನ್ನು ತಡೆಯುವುದು ಭಾರ. 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ತೂಗುತ್ತದೆ. ಗೋಡೆಯ ಭಾರವನ್ನು ಎರಡು ಪಟ್ಟು ಮಾಡಿದರೆ ಸದ್ದು ಇಳಿಯುವುದು 5 ಡೆಸಿಬೆಲ್‌ನಷ್ಟು. ಕಿವಿಗೆ ಅರ್ಧ ಕಡಿಮೆಯಾಯಿತು ಅನಿಸಬೇಕಾದರೆ ಹತ್ತಿರಹತ್ತಿರ 10 ಡೆಸಿಬೆಲ್ ಇಳಿಯಬೇಕು. ಬಾಡಿಗೆ ಮನೆಯಲ್ಲಿ ಈ ಲೆಕ್ಕ ಕೈಗೆಟುಕುವುದಿಲ್ಲ. ಆದರೆ ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಮಾತು ಬಿಡಿಬಿಡಿಯಾಗಿ ಕೇಳುತ್ತದೆ ಎಂದಿರಿ. ಗಟ್ಟಿ ಗೋಡೆಯ ಮೂಲಕ ಬರುವ ಸದ್ದು ಸಾಮಾನ್ಯವಾಗಿ ಗುಂಯ್ ಎಂದೋ ದುಂ ದುಂ ಎಂದೋ ಬರುತ್ತದೆಯೇ ಹೊರತು ಪದಗಳಾಗಿ ಬರುವುದಿಲ್ಲ. ಪದ ತಿಳಿಯುತ್ತಿದೆ ಎಂದರೆ ಎಲ್ಲೋ ತೂತು ಇರುವ ಸಂಭವವೇ ಹೆಚ್ಚು.

ಇವತ್ತು ರಾತ್ರಿ ಅವರ ಟಿ.ವಿ. ಓಡುತ್ತಿರುವಾಗ ನಿಮ್ಮ ಫ್ಯಾನ್ ಆರಿಸಿ. ಮೊದಲು ಕಿಟಕಿ ಮುಚ್ಚಿ. ಸದ್ದು ತಟ್ಟನೆ ಇಳಿದರೆ ಅದು ಅವರ ಕಿಟಕಿಯಿಂದ ಹೊರಬಿದ್ದು ನಿಮ್ಮ ಕಿಟಕಿಯಿಂದ ಒಳಬರುತ್ತಿತ್ತು, ಪಾಪ, ಗೋಡೆಯದೇನೂ ತಪ್ಪಿಲ್ಲ. ಇಳಿಯದಿದ್ದರೆ ಗೋಡೆಯುದ್ದಕ್ಕೂ ಅಲ್ಲಲ್ಲಿ ಕಿವಿಯಿಟ್ಟು ಕೇಳಿ. ಹೆಚ್ಚು ಜೋರಾಗಿ ಕೇಳುವುದು ಸ್ವಿಚ್ ಬೋರ್ಡ್ ಹತ್ತಿರವೇ ಎಂದು ನನ್ನ ಊಹೆ. 4 ಇಂಚಿನ ಗೋಡೆಯಲ್ಲಿ ಈ ಕಡೆ ಸುಮಾರು 2 ಇಂಚು ಕೊರೆದು ನಿಮ್ಮ ಪೆಟ್ಟಿಗೆ, ಬೆನ್ನಿಗೇ ಆ ಕಡೆ 2 ಇಂಚು ಕೊರೆದು ಅವರ ಪೆಟ್ಟಿಗೆ ಕೂರಿಸಿದ್ದರೆ, ಅಲ್ಲಿ ಗೋಡೆ ಎಂಬುದೇ ಉಳಿದಿರುವುದಿಲ್ಲ. ಎರಡು ಡಬ್ಬಿಗಳ ತೆಳು ತಗಡು ಅಷ್ಟೇ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಮೇನ್ ಆಫ್ ಮಾಡಿಸಿ, ಪೆಟ್ಟಿಗೆಯ ಸುತ್ತಲ ಸಂದಿಗೆ ಗಾರೆ ತುಂಬಿಸಿ. ಒಳಗೆ ಹತ್ತಿಯನ್ನೋ ಥರ್ಮೊಕೋಲನ್ನೋ ತುರುಕಬೇಡಿ, ಅದು ಬೆಂಕಿಗೆ ಆಹ್ವಾನ. ಹಾಗೆಯೇ ಎ.ಸಿ. ಪೈಪು, ಕೇಬಲ್ ವೈರು ದಾಟಿಸಿದ ತೂತು, ಗೋಡೆಯೂ ತೊಲೆಯೂ ಸೇರುವಲ್ಲಿ ಬಿಟ್ಟ ಬಿರುಕು, ಇವನ್ನು ಎಂ-ಸೀಲ್‌ನಿಂದಲೋ ಸೀಲೆಂಟ್‌ನಿಂದಲೋ ಮುಚ್ಚಿ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲೂ ಒಮ್ಮೆ ಇಣುಕಬೇಕು. ಹಳೆಯ ಹೆಂಚಿನ ವಠಾರಗಳಲ್ಲಿ ನಡುಗೋಡೆ ಸೂರಿನವರೆಗೆ ಹೋಗದೆ ಅಟ್ಟದ ಮಟ್ಟಕ್ಕೇ ನಿಂತಿರುವುದುಂಟು, ಮಾತು ಅದರ ಮೇಲೆ ಹತ್ತಿ ಇಳಿದು ಬರುತ್ತದೆ. ಇದಕ್ಕೆಲ್ಲ ಸಾಮಗ್ರಿಯ ಖರ್ಚು ಕೆಲವು ನೂರು ರೂಪಾಯಿ.

ತೂತುಗಳನ್ನು ಮುಚ್ಚಿದ ಮೇಲೂ ಸಮಾಧಾನವಾಗದಿದ್ದರೆ ಮಂಚದ ತಲೆಯ ಭಾಗವನ್ನು ಆ ಗೋಡೆಯಿಂದ ತಿರುಗಿಸಿ, ಬಟ್ಟೆಬರೆಯೋ ಪುಸ್ತಕವೋ ತುಂಬಿದ ಬೀರುಗಳನ್ನು ಅಲ್ಲಿಗೆ ಸಾಲಾಗಿ ಒಯ್ದಿಡಿ. ಲಾಭ ಅಲ್ಪವೇ, ಆದರೆ ಖರ್ಚಿಲ್ಲ.

ಜಿಪ್ಸಮ್ ಬೋರ್ಡ್ ಹೊಡೆಸಿ ಎಂದು ಯಾರಾದರೂ ಹೇಳಬಹುದು. ಅರ್ಧ ಇಂಚಿನ ಬೋರ್ಡು ಚದರ ಮೀಟರಿಗೆ ತೂಗುವುದು 8–9 ಕೆ.ಜಿ. ಅದನ್ನು 200 ಕೆ.ಜಿ. ಗೋಡೆಗೆ ನೇರ ಅಂಟಿಸಿದರೆ ಆನೆಯ ಮೇಲೆ ಟವೆಲ್ ಹೊದಿಸಿದಂತೆ. ಗೋಡೆಗೆ ತಾಗದಂತೆ ಬೇರೆ ಚೌಕಟ್ಟು ನಿಲ್ಲಿಸಿ, ನಡುವೆ 50 ಮಿ.ಮೀ. ರಾಕ್‌ವೂಲ್ ತುಂಬಿ, ಅದರ ಮೇಲೆ ಎರಡು ಪದರ ಬೋರ್ಡು ಹೊಡೆದರೆ ಮಾತ್ರ ನಿಜವಾದ ವ್ಯತ್ಯಾಸ ಕಾಣುತ್ತದೆ. ಕೋಣೆ ಸುಮಾರು ನಾಲ್ಕು ಇಂಚು ಕಿರಿದಾಗುತ್ತದೆ, ಮಾಲೀಕರ ಒಪ್ಪಿಗೆಯೂ ಬೇಕು. ಬಾಡಿಗೆಯವರಿಗೆ ಇದನ್ನು ನಾನು ಹೇಳಲಾರೆ.

ಇನ್ನು ಮಿಕ್ಸಿ. ಇದು ಗಾಳಿಯಲ್ಲಿ ಬರುವ ಸದ್ದು ಮಾತ್ರವಲ್ಲ, ಕಟ್ಟಡದ ಮೈಯೊಳಗೇ ನಡುಕವಾಗಿ ಹರಿದು ಬರುವಂಥದ್ದು. ಅಡುಗೆಕಟ್ಟೆಯ ಗ್ರಾನೈಟ್ ಚಪ್ಪಡಿಯ ಅಂಚನ್ನು ಗೋಡೆಯೊಳಗೇ ಸೇರಿಸಿ ಕೂರಿಸುವುದು ನಮ್ಮಲ್ಲಿ ರೂಢಿ. ಮಿಕ್ಸಿ ನಡುಗಿದರೆ ಚಪ್ಪಡಿ ನಡುಗುತ್ತದೆ, ಚಪ್ಪಡಿಯ ಜೊತೆ ಗೋಡೆಯೂ. ನಿಮ್ಮ ಕಡೆ ಏನು ಅಂಟಿಸಿದರೂ ಇದು ನಿಲ್ಲುವುದಿಲ್ಲ, ಅವರ ಕಡೆಯೇ ನಿಲ್ಲಿಸಬೇಕು.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಆದರೂ ಅಳತೆ, ದೂರು, ಪೊಲೀಸರು ಎಂದು ಹೊರಡುವ ಮುಂಚೆ ಒಂದು ಭಾನುವಾರ ಬೆಳಗ್ಗೆ ಪಕ್ಕದವರ ಮನೆಗೆ ಹೋಗಿ. ಅವರ ಟಿ.ವಿ.ಯನ್ನು ಅದೇ ಗೋಡೆಗೆ ತೂಗುಹಾಕಿದ್ದರೆ ಸ್ಟ್ಯಾಂಡ್ ಮೇಲೆ ಇಡಲು ಸಾಧ್ಯವೇ ಎಂದು ಕೇಳಿ. ತಮ್ಮ ಸದ್ದು ಈಚೆ ಇಷ್ಟು ಕೇಳುತ್ತದೆ ಎಂಬುದು ಅವರಿಗೆ ಗೊತ್ತೇ ಇಲ್ಲದಿರಬಹುದು. ಮಿಕ್ಸಿಯ ಅಡಿಯ ರಬ್ಬರ್ ಕಾಲುಗಳು ಸವೆದಿದ್ದರೆ ಹೊಸದು ಹಾಕಿಸಬಹುದು. ಅಲ್ಲಿಯವರೆಗೆ ಹಳೆಯ ಯೋಗ ಮ್ಯಾಟ್ ಒಂದನ್ನು ನಾಲ್ಕು ಪದರ ಮಡಿಸಿ ಅದರ ಕೆಳಗಿಟ್ಟರೂ ಆದೀತು. ಅದನ್ನು ನೀವೇ ಒಯ್ದು ಕೊಡಿ.